ಕಾಯುವ ಬೆಂಚಿನ ಲೆಕ್ಕ

ಆಸ್ಪತ್ರೆಗೆ ಹೋಗಿ ಬಂದವರನ್ನು ‘ಡಾಕ್ಟರು ಏನೆಂದರು?’ ಎಂದು ಎಲ್ಲರೂ ಕೇಳುತ್ತಾರೆ. ‘ಎಷ್ಟು ಹೊತ್ತು ಕಾದಿರಿ?’ ಎಂದು ಕೇಳುವವರು ವಿರಳ. ಕಾಯುವುದೂ ಕಾಯಿಲೆಯ ಒಂದು ಅಂಗವೆಂಬಂತೆ ನಾವೆಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆ ಸರಿಯೇ? ಕಾದು ಕಳೆದ ಹೊತ್ತಿನ ಬೆಲೆಯನ್ನು ತೆರುವವರು ಯಾರು? ಅದನ್ನು ಕಡಿಮೆ ಮಾಡುವ ವಿದ್ಯೆಯೊಂದು ಉಂಟೇ? ಈ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇಷ್ಟನ್ನೇ.

ಕೆಲವು ವರ್ಷಗಳ ಹಿಂದೆ ನಮ್ಮ ಸೋದರತ್ತೆಯವರನ್ನು ಕಣ್ಣು ತೋರಿಸಲೆಂದು ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಅನ್ನೂರಿನ ಕಡೆಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಏಳು ಗಂಟೆಗೆಲ್ಲ ಬಾಗಿಲಲ್ಲಿದ್ದೆವು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಪವರ್ ಟೇಬಲ್ಲಿನ ಮುಂದೆ ಕೂರುವ ಅವರ ಮಗನೂ ಒಂದು ಶಿಫ್ಟಿನ ಕೂಲಿ ಬಿಟ್ಟು ಜೊತೆಗೆ ಬಂದಿದ್ದ. ಚೀಟಿ ಬರೆಸಲು ಒಂದು ಸಾಲು, ಹಣ ಕಟ್ಟಲು ಇನ್ನೊಂದು ಸಾಲು. ಹಳೆಯ ಫೈಲು ಸಿಗಲಿಲ್ಲವೆಂದು ಅರ್ಧ ಗಂಟೆ. ಕಣ್ಣಿಗೆ ಹನಿ ಹಾಕಿದ ಮೇಲೆ ಮುಂದೆ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳದೆ ಮತ್ತೊಂದು ಗಂಟೆ. ವೈದ್ಯರು ಒಳ್ಳೆಯವರು, ಮಾತು ಮೃದು. ಅವರು ಅತ್ತೆಯವರ ಕಣ್ಣು ನೋಡಿದ್ದು ಏಳು ನಿಮಿಷ. ಪೊರೆ ಬಲಿತಿದೆ, ಶಸ್ತ್ರಚಿಕಿತ್ಸೆ ಆಗಬೇಕು, ಅದಕ್ಕೆ ಮೊದಲು ಇನ್ನೊಂದು ಪರೀಕ್ಷೆ ಆಗಬೇಕು ಎಂದರು. ಆ ಪರೀಕ್ಷೆಯ ಕಿಟಕಿ ಆಗಲೇ ಮುಚ್ಚಿತ್ತು. ‘ಮುಂದಿನ ವಾರ ಬನ್ನಿ’ ಎಂದರು. ಊರು ಸೇರುವಾಗ ದೀಪ ಹಚ್ಚುವ ಹೊತ್ತು ಮೀರಿತ್ತು.

‘ಏನಪ್ಪಾ, ಕಣ್ಣು ತೋರ್ಸಕ್ಕೆ ಅಂತ ಹೋಗಿ ಬೆಂಚು ಕಾದಂಗಾಯ್ತು. ನನ್ ಕೈಲಿ ಇನ್ನೊಂದ್ ಸಲ ಆಗದಿಲ್ಲ’ ಎಂದರು ಅತ್ತೆ. ನಾವು ನಕ್ಕುಬಿಟ್ಟೆವು. ಆದರೆ ಅವರು ಆಡಿದಂತೆಯೇ ನಡೆದುಕೊಂಡರು. ಮುಂದಿನ ವಾರವೂ ಹೋಗಲಿಲ್ಲ, ಮುಂದಿನ ತಿಂಗಳೂ ಹೋಗಲಿಲ್ಲ. ಹತ್ತು ತಿಂಗಳ ಮೇಲೆ ಹಿತ್ತಿಲ ಮೆಟ್ಟಿಲು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆಯೇ ನಮಗೆ ಆ ದಿನದ ಲೆಕ್ಕ ಪೂರ್ತಿಯಾಗಿ ತಿಳಿದದ್ದು. ಹನ್ನೊಂದು ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಯಾರೂ ಸುಮ್ಮನೆ ಕುಳಿತಿರಲಿಲ್ಲ. ಎಲ್ಲರೂ ಬೆವರು ಸುರಿಸಿ ದುಡಿಯುತ್ತಿದ್ದರು. ಹಾಗಿದ್ದರೂ ಆ ದುಡಿಮೆಯಲ್ಲಿ ಅತ್ತೆಯವರ ಕಣ್ಣಿಗೆ ತಲುಪಿದ್ದು ಏಳು ನಿಮಿಷ ಮಾತ್ರ. ಉಳಿದುದೆಲ್ಲ ಎಲ್ಲಿ ಸೋರಿಹೋಯಿತು?

ಮಗ್ಗದ ಮನೆಯಲ್ಲಿ ಹುಟ್ಟಿದ ವಿದ್ಯೆ

ಈ ಸೋರಿಕೆಯನ್ನು ಹುಡುಕಿ ತಡೆಯುವ ವಿದ್ಯೆಗೆ ಇಂದು ‘ಲೀನ್ ನಿರ್ವಹಣೆ’ ಎಂಬ ಹೆಸರಿದೆ. ಇದು ನಮ್ಮ ಸಂಸ್ಕೃತದ ‘ಲೀನ’ವಲ್ಲ; ಬೊಜ್ಜಿಲ್ಲದ, ಆದರೆ ಕಸುವುಳ್ಳ ಮೈಕಟ್ಟು ಎಂಬ ಅರ್ಥದ ಇಂಗ್ಲಿಷ್ ಮಾತು. ಜಾನ್ ಕ್ರಾಫ್ಚಿಕ್ ಎಂಬ ಅಮೆರಿಕದ ಸಂಶೋಧಕರು ೧೯೮೮ರಲ್ಲಿ ಜಪಾನಿನ ಟೊಯೋಟ ಕಾರ್ಖಾನೆಯ ಕಾರ್ಯಕ್ರಮವನ್ನು ವರ್ಣಿಸುವಾಗ ಈ ಪದವನ್ನು ಬಳಸಿದರು. ಪದ ಹೊಸದು, ಹಿಂದಿನ ವಿಚಾರ ಹಳೆಯದು. ನಮ್ಮ ಓದುಗರಲ್ಲಿ ನೇಕಾರ ಮನೆತನಗಳವರು ಅನೇಕರಿರುವುದರಿಂದ ಅದರ ಮೂಲವನ್ನು ತಿಳಿದರೆ ಸಂತೋಷವಾದೀತು. ಅದು ಹುಟ್ಟಿದ್ದು ಮೋಟಾರಿನಿಂದಲ್ಲ, ಮಗ್ಗದಿಂದ.

ಜಪಾನಿನ ಸಾಕಿಚಿ ಟೊಯೋಡ (೧೮೬೭-೧೯೩೦) ಬಡಗಿಯ ಮಗ. ತನ್ನ ತಾಯಿ ಮಗ್ಗದ ಮುಂದೆ ಬೆನ್ನು ಬಾಗಿಸಿ ದುಡಿಯುವುದನ್ನು ಕಂಡು ಬೆಳೆದ ಅವರು ಮಗ್ಗವನ್ನು ಸುಧಾರಿಸುವುದರಲ್ಲಿಯೇ ಆಯುಷ್ಯ ಕಳೆದರು. ೧೯೨೪ರಲ್ಲಿ ಅವರು ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು: ಒಂದೇ ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಂತುಬಿಡುತ್ತಿತ್ತು. ಎಳೆ ಕಡಿದಿರುವುದನ್ನು ಕಾಣದೆ ನೇಯುತ್ತ ಹೋದರೆ ಗಜಗಟ್ಟಲೆ ಬಟ್ಟೆ ಹಾಳಾಗುವುದೆಂಬುದನ್ನು ನೇಕಾರರಿಗೆ ಬೇರೆ ಹೇಳಬೇಕಾಗಿಲ್ಲ. ಆ ಮಗ್ಗದ ಹಕ್ಕನ್ನು ೧೯೨೯ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಕೊಂಡಿತು. ಸಾಕಿಚಿಯವರ ಮಗ ಕೀಚಿರೋ ಮುಂದೆ ಮೋಟಾರು ತಯಾರಿಕೆಗೆ ಕೈಹಾಕಿದರು.

ಎರಡನೆಯ ಮಹಾಯುದ್ಧದ ಅನಂತರ ಟೊಯೋಟದ ಬಳಿ ಬಂಡವಾಳವಿರಲಿಲ್ಲ. ದಾಸ್ತಾನು ತುಂಬಿಡಲು ಶಕ್ತಿಯಿರಲಿಲ್ಲ. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕಾದ ಆ ಸಂದರ್ಭದಲ್ಲಿ ತಾಯಿಚಿ ಓನೊ (೧೯೧೨-೧೯೯೦) ಎಂಬ ಎಂಜಿನಿಯರು ಎರಡು ಸೂತ್ರಗಳನ್ನು ಹಿಡಿದರು. ಮೊದಲನೆಯದು, ಬೇಕಾದುದನ್ನು ಬೇಕಾದಾಗ ಬೇಕಾದಷ್ಟೇ ಮಾಡುವುದು. ಎರಡನೆಯದು, ತಪ್ಪು ಕಂಡೊಡನೆ ಕೆಲಸ ನಿಲ್ಲಿಸಿ ಅದರ ಬೇರನ್ನು ಹುಡುಕುವುದು. ಎರಡನೆಯ ಸೂತ್ರ ಸಾಕಿಚಿಯವರ ಮಗ್ಗದ್ದೇ ಎಂಬುದು ಸ್ಪಷ್ಟ. ಈ ಪದ್ಧತಿ ೧೯೯೭ರಲ್ಲಿ ಸ್ಥಾಪನೆಗೊಂಡ ಟೊಯೋಟ ಕಿರ್ಲೋಸ್ಕರ್ ಸಂಸ್ಥೆಯೊಡನೆ ಕರ್ನಾಟಕದ ಬಿಡದಿಗೂ ಬಂದಿತು.

ಏಳು ಬಗೆಯ ನಷ್ಟ

ಗ್ರಾಹಕನಿಗೆ ಯಾವ ಪ್ರಯೋಜನವನ್ನೂ ನೀಡದ ದುಡಿಮೆಯನ್ನು ಜಪಾನೀಯರು ‘ಮುದಾ’ ಎನ್ನುತ್ತಾರೆ. ಓನೊ ಅದನ್ನು ಏಳು ಬಗೆಯಾಗಿ ವಿಂಗಡಿಸಿದರು. ಅವುಗಳನ್ನು ಕಾರ್ಖಾನೆಯಿಂದ ಆಸ್ಪತ್ರೆಗೆ ತಂದು ನೋಡೋಣ. ರೋಗಿ ಬೆಂಚಿನ ಮೇಲೆ ಕಾಯುವುದು ಒಂದು. ರೋಗಿಯನ್ನೂ ರಕ್ತದ ಮಾದರಿಯನ್ನೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸುವುದು ಎರಡು. ಕತ್ತರಿಗೂ ಹತ್ತಿಗೂ ದಾದಿಯರು ದಿನವಿಡೀ ಓಡಾಡುವುದು ಮೂರು. ಕೊಠಡಿಯಲ್ಲಿ ಅವಧಿ ಮೀರುವವರೆಗೆ ಔಷಧ ಪೇರಿಸಿಡುವುದು ನಾಲ್ಕು. ಒಂದೇ ಹೆಸರು, ವಯಸ್ಸು, ವಿಳಾಸವನ್ನು ನಾಲ್ಕು ಪುಸ್ತಕಗಳಲ್ಲಿ ಬರೆಯುವುದು ಐದು. ಯಾರೂ ಕೇಳದ ಪರೀಕ್ಷೆಗಳನ್ನು ಮುಂಚಿತವಾಗಿ ಮಾಡಿಬಿಡುವುದು ಆರು. ತಪ್ಪು ಮಾಡಿ ತಿದ್ದುವುದು ಏಳು. ಆಸ್ಪತ್ರೆಯಲ್ಲಿ ಈ ಏಳನೆಯದನ್ನು ಎಷ್ಟೋ ವೇಳೆ ತಿದ್ದಲಾಗುವುದೇ ಇಲ್ಲ.

ಈ ಪಟ್ಟಿಯನ್ನು ಹಿಡಿದು ನಮ್ಮ ಅತ್ತೆಯವರ ಆ ದಿನವನ್ನು ನೋಡಿದರೆ ಹನ್ನೊಂದು ಗಂಟೆಗಳೂ ಎಲ್ಲಿ ಹೋದುವೆಂಬುದು ತಿಳಿಯುತ್ತದೆ. ಅಲ್ಲಿ ಒಬ್ಬರ ಸೋಮಾರಿತನವೂ ಇರಲಿಲ್ಲ, ಕೇಡೂ ಇರಲಿಲ್ಲ. ಕೆಲಸ ಮತ್ತು ಕೆಲಸದ ನಡುವಿನ ಸಂದುಗಳನ್ನು ಯಾರೂ ನೋಡಿರಲಿಲ್ಲ, ಅಷ್ಟೆ.

ಅವಿನಾಶಿ ರಸ್ತೆಯ ಪಾಠ

ಇದೆಲ್ಲ ಜಪಾನಿಗೆ ಸಲ್ಲುವ ಮಾತು, ನಮ್ಮ ಬಡತನದ ನಡುವೆ ನಡೆಯುವಂಥದಲ್ಲ ಎಂದು ಯಾರಾದರೂ ಹೇಳಬಹುದು. ಅವರಿಗೆ ಉತ್ತರ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿಯೇ ಇದೆ. ಅಲ್ಲಿ ೧೯೯೭ರಲ್ಲಿ ಆರಂಭವಾದ ಅರವಿಂದ ಕಣ್ಣಾಸ್ಪತ್ರೆಯ ಮೂಲ ಮಧುರೈಯಲ್ಲಿದೆ. ಉಡುಮಲೈಪೇಟೆ, ತಿರುಪ್ಪೂರುಗಳಲ್ಲಿಯೂ ಅದರ ಶಾಖೆಗಳಿವೆ. ಡಾ. ಜಿ. ವೆಂಕಟಸ್ವಾಮಿಯವರು (೧೯೧೮-೨೦೦೬) ಸರ್ಕಾರಿ ಸೇವೆಯಿಂದ ನಿವೃತ್ತರಾದ ೧೯೭೬ರಲ್ಲಿ, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಹನ್ನೊಂದು ಹಾಸಿಗೆಗಳಿಂದ ಅದನ್ನು ತೆರೆದರು. ಸಂಧಿವಾತದಿಂದ ಅವರ ಬೆರಳುಗಳು ಯೌವನದಲ್ಲಿಯೇ ಸೊಟ್ಟಗಾಗಿದ್ದುವು. ಆ ಬೆರಳುಗಳಿಂದಲೇ ಅವರು ಶಸ್ತ್ರ ಹಿಡಿಯುವುದನ್ನು ಕಲಿತು ಒಂದು ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳನ್ನು ಮಾಡಿದರು.

‘ಲೀನ್’ ಎಂಬ ಪದ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ತೆರೆದ ಆಸ್ಪತ್ರೆಯಿದು. ಡಾ. ವೆಂಕಟಸ್ವಾಮಿಯವರ ಮನಸ್ಸನ್ನು ಸೆಳೆದಿದ್ದುದು ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಮಂದಿರಗಳು. ಊರೂರುಗಳಲ್ಲಿ ಒಂದೇ ಅಚ್ಚುಕಟ್ಟಿನಿಂದ ತಿನಿಸು ಕೊಡಬಹುದಾದರೆ ಕಣ್ಣಿನ ಬೆಳಕನ್ನೇಕೆ ಕೊಡಬಾರದು ಎಂಬುದು ಅವರ ತರ್ಕ. ಹೆಸರು ಬೇರೆಯಾದರೂ ಅವರು ಹಿಡಿದ ದಾರಿ ಓನೊರವರ ದಾರಿಯೇ ಆಗಿತ್ತು.

ಅಲ್ಲಿಯ ಶಸ್ತ್ರಾಗಾರದ ಏರ್ಪಾಡನ್ನು ನೋಡಿ. ಒಬ್ಬ ಶಸ್ತ್ರವೈದ್ಯರಿಗೆ ಎರಡು ಮೇಜುಗಳು. ಒಂದು ಮೇಜಿನ ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಮತ್ತೊಂದರ ಮೇಲೆ ಮುಂದಿನ ರೋಗಿಯನ್ನು ದಾದಿಯರು ಸಿದ್ಧಗೊಳಿಸಿರುತ್ತಾರೆ. ವೈದ್ಯರು ಆಸನದಲ್ಲಿಯೇ ತಿರುಗಿ, ಸೂಕ್ಷ್ಮದರ್ಶಕವನ್ನು ಅತ್ತ ಹೊರಳಿಸಿ, ಕೆಲಸ ಮುಂದುವರಿಸುತ್ತಾರೆ. ಅವರ ಕೈ ನಿಧಾನವಾಗಿಯೇ ನಡೆಯುತ್ತದೆ. ಒಂದು ರೋಗಿಗೂ ಇನ್ನೊಂದು ರೋಗಿಗೂ ನಡುವೆ ವ್ಯರ್ಥವಾಗುತ್ತಿದ್ದ ಹೊತ್ತು ಮಾತ್ರ ಮಾಯವಾಗಿದೆ. ದೇಶದಲ್ಲಿ ಕಣ್ಣಿನ ಶಸ್ತ್ರವೈದ್ಯರೊಬ್ಬರ ವಾರ್ಷಿಕ ಸರಾಸರಿ ನಾನೂರರ ಆಸುಪಾಸು ಎಂದು ಲೆಕ್ಕ ಹಾಕಿದ್ದಾಗ ಅರವಿಂದದಲ್ಲಿ ಅದು ಸುಮಾರು ಎರಡು ಸಾವಿರವಾಗಿತ್ತು.

ಈ ಏರ್ಪಾಡಿನ ಬೆನ್ನೆಲುಬು ದಾದಿಯರು. ಹಳ್ಳಿಗಳಿಂದ ಆಯ್ದ ಹೆಣ್ಣುಮಕ್ಕಳಿಗೆ ಎರಡು ವರ್ಷ ಶಿಕ್ಷಣ ಕೊಟ್ಟು ದೃಷ್ಟಿ ಅಳೆಯುವುದು, ಒತ್ತಡ ನೋಡುವುದು, ರೋಗಿಯನ್ನು ಸಿದ್ಧಪಡಿಸುವುದು, ಮನೆಯವರಿಗೆ ತಿಳಿಹೇಳುವುದು ಇವೆಲ್ಲವನ್ನೂ ಅವರಿಗೆ ಒಪ್ಪಿಸುತ್ತಾರೆ. ವೈದ್ಯರೇ ಮಾಡಬೇಕಾದುದು ಮಾತ್ರ ವೈದ್ಯರ ಪಾಲಿಗೆ.

ಬೆಲೆಯ ವಿಷಯವೂ ಹೀಗೆಯೇ. ಪೊರೆ ತೆಗೆದ ಕಣ್ಣಿನೊಳಗೆ ಇರಿಸುವ ಮಸೂರ ಹೊರದೇಶದಿಂದ ಬರುತ್ತಿದ್ದಾಗ ನೂರು ಡಾಲರಿನ ಆಸುಪಾಸಿನಲ್ಲಿತ್ತು. ಬಡವರಿಗೆ ಅದು ಕೈಗೆಟುಕದಿದ್ದುದರಿಂದ ೧೯೯೨ರಲ್ಲಿ ಮಧುರೈಯಲ್ಲಿ ‘ಆರೋಲ್ಯಾಬ್’ ಸ್ಥಾಪನೆಯಾಗಿ ಅದೇ ಮಸೂರವನ್ನು ಹತ್ತು ಡಾಲರಿನ ಸುಮಾರಿಗೆ ಒದಗಿಸಿತು. ಇಂದು ಅರವಿಂದ ಸಂಸ್ಥೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಅವುಗಳಲ್ಲಿ ಸುಮಾರು ಅರ್ಧ ಉಚಿತ ಅಥವಾ ಅತ್ಯಲ್ಪ ಶುಲ್ಕದವು.

ಅವಸರದಲ್ಲಿ ಗುಣ ಕೆಡುವುದಿಲ್ಲವೇ ಎಂಬುದು ನ್ಯಾಯವಾದ ಸಂದೇಹ. ಅಲ್ಲಿಯ ೨೦ ಲಕ್ಷ ಪೊರೆ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ವರದಿಯೊಂದು ೨೦೧೯ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಕೊನೆಗೆ ಕಣ್ಣಿನೊಳಗೆ ಮಾಕ್ಸಿಫ್ಲಾಕ್ಸಸಿನ್ ಔಷಧ ಕೊಡುವ ಕ್ರಮ ಬಂದ ಮೇಲೆ, ಕಣ್ಣೊಳಗಿನ ಭೀಕರ ಸೋಂಕು ಹತ್ತು ಸಾವಿರಕ್ಕೆ ಏಳರಿಂದ ಎರಡಕ್ಕೆ ಇಳಿದಿತ್ತು. ಪ್ರತಿಯೊಂದನ್ನೂ ಒಂದೇ ಕ್ರಮದಲ್ಲಿ ಮಾಡಿ, ಪ್ರತಿಯೊಂದರ ಲೆಕ್ಕವನ್ನೂ ಇಟ್ಟಿದ್ದರಿಂದಲೇ ಇಷ್ಟು ಚಿಕ್ಕ ವ್ಯತ್ಯಾಸವನ್ನು ಕಾಣುವುದು ಸಾಧ್ಯವಾಯಿತು. ಪುದುಚೇರಿಯ ಅರವಿಂದದಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ಒಂದು ಪೊರೆ ಶಸ್ತ್ರಚಿಕಿತ್ಸೆಯಿಂದ ವಾತಾವರಣ ಸೇರುವ ಇಂಗಾಲದ ಹೊರೆ ಬ್ರಿಟನ್ನಿನಲ್ಲಿ ಆಗುವುದರ ಇಪ್ಪತ್ತರಲ್ಲೊಂದು ಪಾಲು ಮಾತ್ರ.

ಆದರೆ ನಮಗೆ ಎಲ್ಲಕ್ಕಿಂತ ಹಿರಿದಾಗಿ ತೋರಿದ್ದು ಈ ಸಂಸ್ಥೆ ತನ್ನ ಸೋಲನ್ನು ತಾನೇ ಅಳೆದುಕೊಂಡ ರೀತಿ. ಊರೂರುಗಳಲ್ಲಿ ಕಣ್ಣಿನ ಶಿಬಿರಗಳು ಯಶಸ್ವಿಯಾಗಿ ನಡೆಯುತ್ತಿದ್ದ ಕಾಲದಲ್ಲಿ, ಕಣ್ಣಿನ ತೊಂದರೆಯುಳ್ಳವರಲ್ಲಿ ಶಿಬಿರಕ್ಕೆ ಬರುವವರು ನೂರಕ್ಕೆ ಏಳರಷ್ಟು ಮಾತ್ರ ಎಂಬುದು ೧೯೯೯ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು. ಭಯ, ದಾರಿಯ ಖರ್ಚು, ಜೊತೆಗೆ ಬರುವವರಿಲ್ಲದಿರುವುದು, ಕೂಲಿ ತಪ್ಪುವುದು ಇಂಥ ಕಾರಣಗಳಿಂದ ಉಳಿದವರು ಮನೆಯಲ್ಲಿಯೇ ಕುಳಿತಿದ್ದರು, ನಮ್ಮ ಅತ್ತೆಯವರಂತೆಯೇ. ಆದುದರಿಂದ ೨೦೦೪ರಿಂದ ಚಿಕ್ಕ ಊರುಗಳಲ್ಲಿ ದೃಷ್ಟಿ ಕೇಂದ್ರಗಳನ್ನು ತೆರೆಯುತ್ತ ಬಂದರು. ಅಲ್ಲಿ ತರಬೇತಿ ಪಡೆದ ದಾದಿ ಕಣ್ಣು ಪರೀಕ್ಷಿಸುತ್ತಾಳೆ. ದೂರದ ಆಸ್ಪತ್ರೆಯ ವೈದ್ಯರು ತೆರೆಯ ಮೇಲೆ ಮಾತನಾಡಿ ತೀರ್ಮಾನ ಹೇಳುತ್ತಾರೆ. ಈ ಕೇಂದ್ರಗಳ ಸಂಖ್ಯೆ ನೂರನ್ನು ದಾಟಿದೆ. ಬೆಂಚಿನ ಲೆಕ್ಕ ಆಸ್ಪತ್ರೆಯ ಬಾಗಿಲಿನಿಂದ ಆರಂಭವಾಗುವುದಿಲ್ಲ, ರೋಗಿಯ ಮನೆಯ ಹೊಸ್ತಿಲಿನಿಂದ ಆರಂಭವಾಗುತ್ತದೆ ಎಂಬ ಅರಿವು ಇದರಲ್ಲಿದೆ.

ಎಳೆ ಕಡಿದಾಗ ನಿಲ್ಲಿಸುವ ಅಧಿಕಾರ

ಹೊತ್ತು ಉಳಿಸುವುದು ಈ ವಿದ್ಯೆಯ ಒಂದು ಹಾಸು; ತಪ್ಪನ್ನು ತಡೆಯುವುದು ಅದರ ಹೊಕ್ಕು. ಅಮೆರಿಕದ ಸಿಯಾಟಲ್ ನಗರದ ವರ್ಜೀನಿಯಾ ಮೇಸನ್ ಆಸ್ಪತ್ರೆಯ ಮುಖ್ಯಸ್ಥರು ೨೦೦೨ರಲ್ಲಿ ಜಪಾನಿಗೆ ಹೋಗಿ ಕಾರ್ಖಾನೆಯಲ್ಲಿ ನಿಂತು ಈ ಪದ್ಧತಿಯನ್ನು ಕಲಿತು ಬಂದರು. ಟೊಯೋಟದ ಕೆಲಸಗಾರನು ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಲ್ಲಂತೆ, ರೋಗಿಗೆ ಅಪಾಯ ಕಂಡರೆ ಯಾವ ಸಿಬ್ಬಂದಿಯಾದರೂ ಕೆಲಸ ನಿಲ್ಲಿಸಬಹುದೆಂಬ ನಿಯಮ ಮಾಡಿದರು.

ಹಾಗಿದ್ದರೂ ೨೦೦೪ರಲ್ಲಿ ಅಲ್ಲಿ ಒಬ್ಬ ಮಹಿಳೆಗೆ ಚಿತ್ರಣಕ್ಕೆ ಬಳಸುವ ದ್ರವದ ಬದಲು ಚರ್ಮ ತೊಳೆಯುವ ಕ್ರಿಮಿನಾಶಕ ದ್ರವವನ್ನು ಚುಚ್ಚಲಾಯಿತು. ಎರಡೂ ತಿಳಿನೀರಿನಂತೆಯೇ ಇದ್ದುವು. ಆಕೆ ತೀರಿಕೊಂಡರು. ಆಸ್ಪತ್ರೆ ಅದನ್ನು ಮುಚ್ಚಿಡಲಿಲ್ಲ. ಬಹಿರಂಗವಾಗಿ ತಪ್ಪೊಪ್ಪಿ, ಅಂಥ ಸಾವು ಮತ್ತೆ ಆಗದಂತೆ ಮಾಡುವುದನ್ನೇ ತನ್ನ ಗುರಿಯಾಗಿಟ್ಟುಕೊಂಡಿತು. ‘ಯಾರು ಮಾಡಿದರು?’ ಎಂದು ಕೇಳಿ ಒಬ್ಬರನ್ನು ಮನೆಗೆ ಕಳಿಸುವುದು ಸುಲಭ. ‘ಎರಡು ದ್ರವಗಳು ಒಂದೇ ತೆರನಾಗಿ ಒಂದೇ ಕಡೆ ಏಕಿದ್ದುವು?’ ಎಂದು ಕೇಳುವುದು ಕಷ್ಟ. ಎರಡನೆಯ ಪ್ರಶ್ನೆಯಿಂದ ಮಾತ್ರ ಮುಂದಿನ ರೋಗಿ ಉಳಿಯುತ್ತಾರೆ.

ಔಷಧದ ಪಾಸ್‌ಬುಕ್

ಖಾಸಗಿ ಸಂಸ್ಥೆಗಳಿಗೆ ಮಾತ್ರ ಇದು ಸಾಧ್ಯವೆಂದೂ ತಿಳಿಯಬೇಕಾಗಿಲ್ಲ. ತಮಿಳುನಾಡು ಸರ್ಕಾರ ೧೯೯೪ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ರಚಿಸಿತು. ರಾಜ್ಯಕ್ಕೆಲ್ಲ ಒಟ್ಟಾಗಿ ಔಷಧ ಕೊಂಡು, ಗುಣಪರೀಕ್ಷೆ ಮಾಡಿಸಿ, ಜಿಲ್ಲೆಗಳ ಉಗ್ರಾಣಗಳಲ್ಲಿಡುವುದು ಅದರ ಕ್ರಮ. ಪ್ರತಿ ಸರ್ಕಾರಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ಕು. ಅದರಲ್ಲಿ ಬರೆದ ಮೊತ್ತದೊಳಗೆ ತನಗೆ ಬೇಕಾದ ಔಷಧವನ್ನು ಬೇಕಾದಷ್ಟು ಉಗ್ರಾಣದಿಂದ ಪಡೆಯುವುದು. ಮೇಲಿನವರು ಕಳಿಸಿದುದನ್ನು ತುಂಬಿಟ್ಟುಕೊಳ್ಳುವುದಕ್ಕೂ, ಬೇಕಾದುದನ್ನು ತಾನಾಗಿ ಕೇಳಿ ಪಡೆಯುವುದಕ್ಕೂ ಇರುವ ಅಂತರವೇ ಓನೊರವರ ಮೊದಲನೆಯ ಸೂತ್ರದ ತಿರುಳು. ಈ ಕ್ರಮವನ್ನು ನೋಡಿ ಬೇರೆ ರಾಜ್ಯಗಳೂ ತಮ್ಮಲ್ಲಿ ಇಂಥ ನಿಗಮಗಳನ್ನು ಕಟ್ಟಿಕೊಂಡುವು.

ಬೊಜ್ಜು ಯಾವುದು, ಬಲ ಯಾವುದು?

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ‘ಬೊಜ್ಜು ಕರಗಿಸುತ್ತೇವೆ’ ಎಂದು ಹೊರಟವರು ಮಾಂಸವನ್ನೇ ಕೊಯ್ದುಬಿಡುವುದುಂಟು. ಇಬ್ಬರು ದಾದಿಯರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿ ಅದಕ್ಕೆ ಲೀನ್ ಎಂದು ಹೆಸರಿಟ್ಟರೆ ಅದು ಬರಿಯ ಜಿಪುಣತನ. ಬನಿಯನ್ ಕಂಪನಿಯ ಸಾಲಿನಲ್ಲಿ ಕೈ ಸೋತರೆ ಹೊಲಿಗೆ ಕೆಟ್ಟೀತು. ಆಸ್ಪತ್ರೆಯಲ್ಲಿ ಕೈ ಸೋತರೆ ಜೀವ ಹೋದೀತು. ಓನೊರವರ ಪದ್ಧತಿಯಲ್ಲಿ ಉಳಿದ ಹೊತ್ತು ಸೇರಬೇಕಾದದ್ದು ಮತ್ತೆ ಕೆಲಸದ ಸುಧಾರಣೆಗೆ. ಆಸ್ಪತ್ರೆಯಲ್ಲಿ ಅದು ಸೇರಬೇಕಾದದ್ದು ರೋಗಿಯ ಹಾಸಿಗೆಯ ಬದಿಗೆ.

ದಾಸ್ತಾನೆಲ್ಲವೂ ದುಂದಲ್ಲವೆಂಬುದನ್ನು ೨೦೨೧ರ ಏಪ್ರಿಲ್, ಮೇ ತಿಂಗಳುಗಳು ನಮಗೆ ಕಲಿಸಿದುವು. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ದೇಶದ ಎಷ್ಟೋ ಆಸ್ಪತ್ರೆಗಳು ಆಮ್ಲಜನಕಕ್ಕಾಗಿ ಹಪಹಪಿಸಿದುವು. ಅಪಾಯಕಾಲಕ್ಕೆಂದು ಖಾಲಿಯಿರಿಸಿದ ಹಾಸಿಗೆ, ತುಂಬಿದ ಸಿಲಿಂಡರು, ಎಚ್ಚರವಿರುವ ವೈದ್ಯರು ಇವು ನಷ್ಟದ ಪಟ್ಟಿಗೆ ಸೇರುವುದಿಲ್ಲ. ಜಾಣ ನೇಕಾರನ ಬಳಿ ಕಡಿದ ಎಳೆ ಹುರಿಮಾಡಲು ನಾಲ್ಕು ಮೊಳ ನೂಲು ಯಾವಾಗಲೂ ಇರುತ್ತದಲ್ಲವೇ? ಹಾಗೆಯೇ, ಕಾಯಿಲೆಯ ಹೆಸರು ಕೇಳಿ ಕಂಗಾಲಾದ ತಾಯಿಯ ಕೈಹಿಡಿದು ವೈದ್ಯರು ಕುಳಿತುಕೊಳ್ಳುವ ಹತ್ತು ನಿಮಿಷವನ್ನು ಯಾವ ಗಡಿಯಾರವೂ ವ್ಯರ್ಥವೆಂದು ಬರೆಯಕೂಡದು.

ನಮ್ಮೂರ ಚಿಕ್ಕ ಆಸ್ಪತ್ರೆಗೆ

ನಮ್ಮವರಲ್ಲಿ ಚಿಕ್ಕ ಆಸ್ಪತ್ರೆ, ದವಾಖಾನೆ, ಪ್ರಯೋಗಶಾಲೆಗಳನ್ನು ನಡೆಸುವವರೂ, ಅಲ್ಲಿ ದುಡಿಯುವವರೂ ಇದ್ದಾರೆ. ಅವರು ದೊಡ್ಡ ಖರ್ಚಿಲ್ಲದೆ ನಾಳೆಯೇ ಆರಂಭಿಸಬಹುದಾದ ಕೆಲಸಗಳಿವೆ. ಮೊದಲನೆಯದಾಗಿ, ಒಂದು ದಿನ ಕೈಯಲ್ಲಿ ಗಡಿಯಾರ ಹಿಡಿದು ಒಬ್ಬ ರೋಗಿಯ ಹಿಂದೆ ಗೇಟಿನಿಂದ ಗೇಟಿನವರೆಗೆ ನಡೆಯುವುದು. ಎಲ್ಲಿ ಎಷ್ಟು ನಿಮಿಷ ಎಂದು ಬರೆಯುವುದು. ಎರಡನೆಯದಾಗಿ, ಬೇಡದ್ದನ್ನು ಬೇರ್ಪಡಿಸಿ, ಬೇಕಾದ್ದನ್ನು ಓರಣವಾಗಿಟ್ಟು, ಶುಚಿಮಾಡಿ, ಅದನ್ನೇ ಪದ್ಧತಿಯಾಗಿಸಿ, ಆ ಪದ್ಧತಿಯನ್ನು ಬಿಡದೆ ನಡೆಸುವುದು. ಜಪಾನೀಯರ ಪಂಚಸೂತ್ರವೆಂದರೆ ಇಷ್ಟೆ. ಮೂರನೆಯದಾಗಿ, ಔಷಧಕ್ಕೆ ಎರಡು ಡಬ್ಬಿಯಿಡುವುದು. ಮೊದಲನೆಯದು ಬರಿದಾದೊಡನೆ ಎರಡನೆಯದನ್ನು ತೆರೆದು ಹೊಸದಕ್ಕೆ ಬರೆದು ಕಳಿಸುವುದು. ಸಕ್ಕರೆ, ಬೇಳೆಗಳನ್ನು ನಮ್ಮ ಗೃಹಿಣಿಯರು ನಿರ್ವಹಿಸುವುದು ಹೀಗೆಯೇ. ನಾಲ್ಕನೆಯದಾಗಿ, ಕಸ ಗುಡಿಸುವವರಿಂದ ಮೊದಲುಗೊಂಡು ಎಲ್ಲರನ್ನೂ ವಾರಕ್ಕೊಮ್ಮೆ ಕೂರಿಸಿ ‘ಈ ವಾರ ಎಲ್ಲಿ ಎಳೆ ಕಡಿಯಿತು?’ ಎಂದು ಕೇಳುವುದು, ಹೇಳಿದವರನ್ನು ಗದರದಿರುವುದು.

ಐದನೆಯದು ನಮ್ಮ ಗಡಿನಾಡಿನ ಜನರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಈ ಎರಡು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲಸಿದ ನಮ್ಮ ಹಿರಿಯರು ಅಂಗಡಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ ಆಡುವವರು. ನೋವನ್ನು ಹೇಳಿಕೊಳ್ಳುವಾಗ ಮಾತ್ರ ಬಾಯಿಗೆ ಬರುವುದು ಅಡುಗೆಮನೆಯ ಮಾತು. ಹನಿಯನ್ನು ಯಾವ ಕಣ್ಣಿಗೆ, ದಿನಕ್ಕೆ ಎಷ್ಟು ಸಲ ಎಂಬುದು ಸರಿಯಾಗಿ ತಿಳಿಯದೆ ಮರಳಿ ಬಂದ ಅಜ್ಜಿಯಿಂದ ರೋಗಿಗೂ ನಷ್ಟ, ಆಸ್ಪತ್ರೆಗೂ ನಷ್ಟ. ಕನ್ನಡ ಬಲ್ಲ ಒಬ್ಬ ದಾದಿ ಆಡುವ ನಾಲ್ಕು ಮಾತು ಒಂದು ದಿನದ ಕೂಲಿಯನ್ನೂ ಒಂದು ಕಣ್ಣನ್ನೂ ಉಳಿಸೀತು. ನಮ್ಮ ಸಂಘಗಳ ತರುಣ ತರುಣಿಯರು ಸರದಿಯಂತೆ ಆಸ್ಪತ್ರೆಗಳಲ್ಲಿ ನಿಂತು ಹಿರಿಯರಿಗೆ ದಾರಿ ತೋರಿಸಿದರೆ ಅದಕ್ಕಿಂತ ಹೆಚ್ಚಿನ ಭಾಷಾಸೇವೆ ಯಾವುದು?

ನಮ್ಮ ಅತ್ತೆಯವರ ಮಣಿಕಟ್ಟು ಕೂಡಿತು. ಆಮೇಲೆ ಕಣ್ಣಿಗೂ ಶಸ್ತ್ರಚಿಕಿತ್ಸೆಯಾಯಿತು. ಪಟ್ಟಿ ಬಿಚ್ಚಿದ ಮರುದಿನ ಅವರು ಮಾಡಿದ ಮೊದಲ ಕೆಲಸವೆಂದರೆ ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸಿದ್ದು. ಒಂದೇ ಸಲಕ್ಕೆ ಪೋಣಿಸಿ ನಮ್ಮ ಕಡೆ ನೋಡಿ ನಕ್ಕರು. ಆ ನಗೆ ಹತ್ತು ತಿಂಗಳು ಮೊದಲೇ ಬರಬಹುದಾಗಿತ್ತು. ಕಳೆದುಹೋದ ಆ ಹತ್ತು ತಿಂಗಳು ಯಾವ ಆಸ್ಪತ್ರೆಯ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಪುಸ್ತಕಕ್ಕೆ ಸೇರಿಸಲು ಕಲಿತ ದಿನ ನಮ್ಮ ಆಸ್ಪತ್ರೆಗಳ ಅರ್ಧ ಕಾಯಿಲೆ ವಾಸಿಯಾದಂತೆ.